ಮಾಸ್ಕ್ ಹಾಕಿದರೆ ಮಾತ್ರ ಗುರುತು ಸಿಗುವವನ ಕೋರಿಕೆ

ಇಂದ:
ಆಪರೇಷನ್ ಥಿಯೇಟರ್ ಸಹಾಯಕ (ಗುತ್ತಿಗೆ, ಆರನೇ ವರ್ಷ)

ಗೆ:
ಸಭೆ ಮತ್ತು ಪ್ರತಿಭಟನೆಗಳ ಅನುಮತಿ ಅಧಿಕಾರಿಗಳು

ವಿಷಯ: ಪ್ರತಿಭಟನಾ ಸ್ಥಳದಲ್ಲಿ ಐದು ನಿಮಿಷ ಮುಖ ಮುಚ್ಚಿಕೊಳ್ಳಲು ಅನುಮತಿ ಕೋರಿ.

ಉಲ್ಲೇಖ: ೧. ಪ್ರತಿಭಟಿಸುವವರು ಮುಖ ಮುಚ್ಚಬಾರದೆಂಬ ತಮ್ಮ ಮಂಗಳವಾರದ ಆದೇಶ.
೨. ಅದನ್ನು ಮುರಿದೆನೆಂದು ಗುರುವಾರ ನನಗೆ ಕೊಟ್ಟ ನೋಟಿಸು.

ಮಾನ್ಯರೇ,

೧. ಥಿಯೇಟರಿನ ಹತ್ತು ಮಂದಿ ಸಹಾಯಕರ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದನ್ನು ಮುಂದುವರಿಸಿ ಎಂದು ಸೋಮವಾರ ಆಸ್ಪತ್ರೆಯ ಗೇಟಿನ ಮುಂದೆ ಕೂತೆವು. ನಾನು ಮಾಸ್ಕ್ ಹಾಕಿದ್ದೆ. ಧೂಳಿಗಲ್ಲ, ಹೆದರಿಕೆಗೆ. ಸಾಲದೆಂದು ಬ್ಯಾನರಿನ ಹಿಂದೆಯೂ ಕೂತಿದ್ದೆ.

೨. ಮುಖ್ಯ ಸರ್ಜನ್ ಕಾರಿನಿಂದಿಳಿದು ನೇರ ನನ್ನ ಹತ್ತಿರ ಬಂದರು. "ಏನಯ್ಯಾ, ನೀನೂ ಇಲ್ಲೇನಾ? ನಾಳೆ ಬೆಳಿಗ್ಗೆ ಟ್ರೇ ಯಾರು ಜೋಡಿಸ್ತಾರೆ?" ಆರು ವರ್ಷ ಅವರು ನೋಡಿರುವುದು ನನ್ನ ಕಣ್ಣುಗಳನ್ನು ಮಾತ್ರ. ಹೀಗಾಗಿ, ಇಡೀ ಬೀದಿಗೆ ಸಿಗದ ನನ್ನ ಗುರುತು, ಯಾರಿಗೆ ಹೆದರಿದ್ದೆನೋ ಅವರೊಬ್ಬರಿಗೇ ಸಿಕ್ಕಿತು.

೩. ಮರುದಿನ ತಮ್ಮ ಆದೇಶ ಬಂತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಬರಿಮುಖದಲ್ಲಿ ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ಕೂಗಿದೆ. ಸರ್ಜನ್ ಎರಡು ಸಲ ಎದುರಿಗೇ ಹಾದುಹೋದರು, ಗೊತ್ತಾಗಲಿಲ್ಲ. ಥಿಯೇಟರಿನಲ್ಲಿ ನಾನು "ಆಯ್ತು ಸರ್" ಬಿಟ್ಟು ಬೇರೆ ಮಾತಾಡಿದವನಲ್ಲ, ಆದ್ದರಿಂದ ದನಿಯೂ ಗೊತ್ತಾಗಲಿಲ್ಲ. ನೆಲ ಒರೆಸುವ ಅಕ್ಕ ಮಾತ್ರ, "ಇಷ್ಟು ದಿನ ಈ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ಯೋ ಮಾರಾಯಾ?" ಎಂದರು. ಧೈರ್ಯ ಬಂದಿದೆ ಎಂದುಕೊಂಡರು. ನಾನೂ ತಿದ್ದಲಿಲ್ಲ.

೪. ಈ ತಪ್ಪು ತಿಳಿವಳಿಕೆಯ ಕಾರಣ, ಗುರುವಾರ ಸರ್ಜನ್ ಮಾತುಕತೆಗೆ ಒಬ್ಬರನ್ನು ಕರೆದಾಗ ಎಲ್ಲರೂ ಸೇರಿ ನನ್ನನ್ನೇ ಮುಂದೆ ತಳ್ಳಿದರು.

ಸರ್ಜನ್ ಗೇಟಿನ ಬಳಿಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊರಗಿನೋರ ಜೊತೆ ನಾನು ಮಾತಾಡಲ್ಲ. ನಮ್ಮ ಥಿಯೇಟರಿನವರನ್ನ ಕಳಿಸಿ."

"ಸರ್, ನಾನೇ ಸರ್. ಟ್ರೇ ಜೋಡಿಸೋನು."

"ಯಾರಪ್ಪಾ ನೀನು? ಅವನನ್ನ ನಾನು ದಿನಾ ನೋಡ್ತೀನಿ."

"ಅಯ್ಯೋ, ಅವನೇ ಇವನು ಸಾರ್!" ಎಂದು ಅಕ್ಕ ಹಿಂದಿನಿಂದ ಕೂಗಿದರು. ಸರ್ಜನ್ ಹೊರಡಲು ತಿರುಗಿದರು. ಆದ್ದರಿಂದ ಜೇಬಿನಲ್ಲಿದ್ದ ಮಾಸ್ಕ್ ತೆಗೆದು ಮೂಗಿನವರೆಗೆ ಏರಿಸಿದೆ.

"ಓಹೋ, ನೀನಾ!" ಎಂದು ಅವರು ನಕ್ಕರು. ಅಷ್ಟರಲ್ಲಿ ತಮ್ಮ ಇಲಾಖೆಯ ಪೇದೆಯವರು ನನ್ನ ತೋಳು ಹಿಡಿದಿದ್ದರು.

೫. ಮಾತುಕತೆ ಶನಿವಾರಕ್ಕೆ ಹೋಗಿದೆ. ಅದೇ ಕೊನೆಯದಂತೆ. ಬೇರೆಯವರನ್ನು ಕಳಿಸಿ ಎಂದು ನಾನೇ ಬೇಡಿಕೊಂಡೆ. "ಬೇರೆ ಯಾರು ಹೋದ್ರೂ ಇದೇ ಕತೆ ಕಣೋ. ನಿನ್ನನ್ನಾದ್ರೂ ಅರ್ಧ ಗೊತ್ತು ಅವರಿಗೆ" ಎಂದರು ಅಕ್ಕ.

ಆದ್ದರಿಂದ, ಶನಿವಾರ ಮೊದಲ ಐದು ನಿಮಿಷ ಮಾಸ್ಕ್ ಧರಿಸಲು ಅನುಮತಿ ನೀಡಬೇಕು. ಗುರುತು ಸಿಕ್ಕ ಕೂಡಲೇ ತೆಗೆಯುತ್ತೇನೆ. ನಿಯಮ ಒಪ್ಪದಿದ್ದರೆ, ಆ ಕಣ್ಣುಗಳ ಕೆಳಗಿರುವ ಮೂಗು, ಬಾಯಿ, ಗದ್ದ ಅದೇ ವ್ಯಕ್ತಿಯವೆಂದು ತಮ್ಮ ಕಚೇರಿಯಿಂದ ದೃಢೀಕರಣ ಪತ್ರವನ್ನಾದರೂ ಕೊಡಬೇಕು.

ಇಂತಿ,
ಅರ್ಧ ಮಾತ್ರ ಪರಿಚಿತನಾದರೂ ಪೂರ್ತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧. ಮಾಸ್ಕ್ ಸಹಿತ ಫೋಟೊ.
೨. ಮಾಸ್ಕ್ ರಹಿತ ಫೋಟೊ.
೩. ಎರಡರಲ್ಲೂ ಇರುವವನು ಒಬ್ಬನೇ ಎಂದು ಅಕ್ಕನ ಹೆಬ್ಬೆಟ್ಟು.

ವಿ.ಸೂ.: ಶನಿವಾರದ ನಂತರ ಬೇರೆ ಕಡೆ ಕೆಲಸ ಕೇಳಬೇಕಾಗಿ ಬರಬಹುದು. ಆದ್ದರಿಂದ, ಎರಡನೇ ಫೋಟೊವನ್ನು ದಯವಿಟ್ಟು ಹಿಂದಿರುಗಿಸಿ.