ವಸಂತಕಾಲದ ಕಂಪ್ಯೂಟರ್ ಶುಚಿತ್ವ: ‘ಅಕ್ಕಾ’ ಎಂದು ಕರೆಯುವ ಮೇಲ್‌ಗಳ ಬಗ್ಗೆ ತಿದ್ದುಪಡಿ

ಮನೆ ಕಂಪ್ಯೂಟರ್ ಮತ್ತು ಋತುಮಾನ ಶಾಖೆ
(ಎರಡನೇ ಮಹಡಿ, ಕುಡಿಯುವ ನೀರಿನ ಪಕ್ಕ)

ಸಂಖ್ಯೆ: ಮಕಋ/ವಸಂತ/17/ತಿದ್ದುಪಡಿ-1
ಅತಿ ತುರ್ತು (ನಾಲ್ಕು ದಿನ ಮಾತ್ರ ಬಾಕಿ)

ಸುತ್ತೋಲೆ

ವಿಷಯ: ವಸಂತಕಾಲದಲ್ಲಿ ಮನೆಯ ಕಂಪ್ಯೂಟರ್ ಶುಚಿಗೊಳಿಸುವ ಹಾಗೂ ಅಂತರ್ಜಾಲವನ್ನು ಜೋಪಾನವಾಗಿ ಬಳಸುವ ಬಗ್ಗೆ, ಮತ್ತು ಹಿಂದಿನ ಸುತ್ತೋಲೆಯನ್ನು ಕೆಲವರು ನಿಜವಾಗಿಯೂ ಪಾಲಿಸಿದ್ದರಿಂದ ಉಂಟಾದ ಪರಿಸ್ಥಿತಿಯ ಬಗ್ಗೆ.

ಉಲ್ಲೇಖ:
(ಅ) ಇದೇ ಶಾಖೆಯ ಸುತ್ತೋಲೆ ಸಂಖ್ಯೆ ಮಕಋ/ವಸಂತ/17.
(ಆ) ಹೊಲಿಗೆ ಅಂಗಡಿಯ ಒಡತಿಯೊಬ್ಬರು ಈ ಶಾಖೆಗೆ ಸಲ್ಲಿಸಿದ ವಂಚನೆ ದೂರು.
(ಇ) ಈ ಶಾಖೆಯ ಅಧೀಕ್ಷಕರ ತಾಯಿಯವರ ಮೌಖಿಕ ಹೇಳಿಕೆ. ಸ್ಥಳ: ಅಡುಗೆಮನೆ. ಭಂಗಿ: ಬೆನ್ನು ತಿರುಗಿಸಿ.

ಚಳಿ ಕಳೆದು ಮರಗಳು ಚಿಗುರುವ ಈ ಹೊತ್ತಿನಲ್ಲಿ ಸಾರ್ವಜನಿಕರಿಗೆ ಕಂಪ್ಯೂಟರ್ ಕುರಿತು ನೆನಪೋಲೆ ಕಳುಹಿಸುವುದು ಈ ಶಾಖೆಯ ವಾಡಿಕೆ. ಅದನ್ನು ಯಾರೂ ಓದದಿರುವುದು ಸಾರ್ವಜನಿಕರ ವಾಡಿಕೆ. ಎರಡೂ ಕಡೆಯವರು ಇಷ್ಟು ವರ್ಷ ಹೊಂದಿಕೊಂಡು ಬಂದಿರುತ್ತಾರೆ. ಆದರೆ ಈ ಸಲ ಇಬ್ಬರು ಓದಿದ್ದಾರೆ, ಓದಿ ಪಾಲಿಸಿದ್ದಾರೆ. ಆ ಇಬ್ಬರೂ ಅಕ್ಕತಂಗಿಯರು ಎಂಬುದು, ಅದರಲ್ಲಿ ಅಕ್ಕ ಎನ್ನುವವರು ಅಧೀಕ್ಷಕರ ತಾಯಿ ಎಂಬುದು ತಡವಾಗಿ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಉಲ್ಲೇಖ (ಅ)ರ ಸುತ್ತೋಲೆಯನ್ನು ಕೆಳಕಂಡಂತೆ ತಿದ್ದಲಾಗಿದೆ.

1. ಧೂಳು. ಕಂಪ್ಯೂಟರಿನ ಧೂಳನ್ನು ವರ್ಷಕ್ಕೊಮ್ಮೆ ಊದಿ ತೆಗೆಯತಕ್ಕದ್ದು. ಊದುವ ಮುನ್ನ ಬಾಯಲ್ಲಿ ಏನೂ ಇಲ್ಲವೆಂದು ಊದುವವರು ಖಚಿತಪಡಿಸಿಕೊಳ್ಳತಕ್ಕದ್ದು. ಎದುರಿನಿಂದ ಇನ್ನೊಬ್ಬರು ಊದುತ್ತಿದ್ದಲ್ಲಿ, ಹಿರಿಯರು ಊದಿ ಮುಗಿಸುವವರೆಗೆ ಕಿರಿಯರು ಉಸಿರು ಬಿಗಿಹಿಡಿದು ಕಾಯತಕ್ಕದ್ದು. ಮನೆಯಲ್ಲಿ ಸರಿಯಾಗಿ ಊದುವವರು ಯಾರೂ ಇಲ್ಲವೆಂದು ಈ ಶಾಖೆಗೆ ಪತ್ರ ಬರೆದು ಸಿಬ್ಬಂದಿಯನ್ನು ಕಳುಹಿಸಲು ಕೋರುವಂತಿಲ್ಲ.

2. ತಂತಿಗಳು. ಮೇಜಿನ ಹಿಂದಿರುವ ತಂತಿಗಳಿಗೆ ಹೆಸರಿನ ಚೀಟಿ ಕಟ್ಟತಕ್ಕದ್ದು. ಯಾವುದಕ್ಕೆ ಎಂದು ತಿಳಿಯದ ತಂತಿಗೆ ‘ಗೊತ್ತಿಲ್ಲ’ ಎಂದು ಬರೆಯತಕ್ಕದ್ದು. ಎಲ್ಲ ತಂತಿಗಳಿಗೂ ‘ಗೊತ್ತಿಲ್ಲ’ ಎಂದೇ ಬರೆದಿದ್ದಲ್ಲಿ, ಆ ಮನೆಯವರು ಪ್ರಾಮಾಣಿಕರೆಂದು ಪರಿಗಣಿಸಲಾಗುವುದು. ‘ಇದನ್ನ ಕಿತ್ತರೆ ಏನಾಗುತ್ತೆ ನೋಡೋಣ’ ಎಂಬ ಕುತೂಹಲವನ್ನು ಭಾವಮೈದುನರಿಗೆ ಸಂಪೂರ್ಣ ನಿಷೇಧಿಸಲಾಗಿದೆ.

3. ಪ್ರತಿಗಳು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಮಾಡಿ ‘ಭದ್ರವಾದ ಜಾಗದಲ್ಲಿ’ ಇಡುವಂತೆ ಹಿಂದೆ ಸೂಚಿಸಲಾಗಿತ್ತು. ಹೀಗೆ ಭದ್ರವಾದ ಜಾಗದಲ್ಲಿ ಇಟ್ಟದ್ದು ಇದುವರೆಗೆ ಯಾರೊಬ್ಬರಿಗೂ ಮರಳಿ ಸಿಕ್ಕಿದ ವರದಿಯಿಲ್ಲ. ಇನ್ನು ಮುಂದೆ ಸಾಧಾರಣ ಜಾಗದಲ್ಲೇ ಇಡಲು ಈ ಮೂಲಕ ಅನುಮತಿಸಲಾಗಿದೆ.

4. ಪ್ರೀತಿಯ ಮೇಲ್‌ಗಳು. ಹಿಂದಿನ ಸುತ್ತೋಲೆಯ ಕಂಡಿಕೆ 4 ಹೀಗಿತ್ತು: ‘ಬಹುಕಾಲ ಮಾತು ಬಿಟ್ಟವರ ಹೆಸರಿನಲ್ಲಿ ದಿಢೀರನೆ ಅಕ್ಕರೆಯ ಮೇಲ್ ಬಂದಲ್ಲಿ ಅದು ವಂಚನೆ. ಎರಡನೇ ಸಾಲು ಓದದೆ ಅಳಿಸತಕ್ಕದ್ದು. ಕರೆ ಬಂದಲ್ಲಿ ಎತ್ತತಕ್ಕದ್ದಲ್ಲ.’ ಇದನ್ನು ಬರೆದವರು ಅಧೀಕ್ಷಕರೇ. ಬರೆದ ದಿನ ಅವರಿಗೆ ತಮ್ಮ ಬಗ್ಗೆ ಬಹಳ ಹೆಮ್ಮೆಯಿತ್ತು.

4.1 ಚಳಿಗಾಲದ ಕೊನೆಯ ವಾರ ಅಧೀಕ್ಷಕರ ತಾಯಿಯವರ ಹೆಸರಿಗೆ ಮನೆಯ ಕಂಪ್ಯೂಟರಿಗೆ ಒಂದು ಮೇಲ್ ಬಂದಿತು. ಮೊದಲ ಸಾಲು: ‘ಅಕ್ಕಾ, ಗುಂಡಿ ಸಿಟ್ಟು ಇಳೀತಾ?’ ತಾಯಿಯವರು ಕನ್ನಡಕ ಹುಡುಕುವಷ್ಟರಲ್ಲಿ, ಹೆಗಲ ಹಿಂದೆ ನಿಂತಿದ್ದ ಅಧೀಕ್ಷಕರು ಕಂಡಿಕೆ 4ರಂತೆ ಅದನ್ನು ಅಳಿಸಿ ಕಸದ ಬುಟ್ಟಿಗೆ ಹಾಕಿದರು. ಯಾರೋ ಅಕ್ಕಾ, ಗುಂಡಿ ಅಂದ ಹಾಗಿತ್ತಲ್ಲೋ ಎಂದು ತಾಯಿಯವರು ಕೇಳಿದ್ದು, ಅದು ಮೋಸಗಾರರ ಕೆಲಸವೆಂದು ಅವರಿಗೆ ತಿಳಿಯಪಡಿಸಲಾಯಿತು. ಮಗ ಸುತ್ತೋಲೆ ಬರೆಯುವವನು, ಅವನಿಗೆ ಗೊತ್ತಿರುತ್ತದೆ ಎಂದು ಅವರು ಕನ್ನಡಕ ಹುಡುಕುವುದನ್ನು ನಿಲ್ಲಿಸಿದರು.

4.2 ಗುಂಡಿ ಸಿಟ್ಟು ಎಂದರೆ: ತಾಯಿಯವರು ನಿವೃತ್ತ ಶಾಲಾ ಶಿಕ್ಷಕಿ. ಯಾವ ವಸ್ತುವೂ ಕ್ರಮ ತಪ್ಪಿ ಇರುವುದನ್ನು ಅವರಿಂದ ಸಹಿಸಲಾಗದು. ಹನ್ನೊಂದು ವರ್ಷಗಳ ಹಿಂದೆ ತಂಗಿಯ ಹೊಲಿಗೆ ಅಂಗಡಿಗೆ ಹೋಗಿದ್ದಾಗ, ತಂಗಿ ಊಟಕ್ಕೆ ಎದ್ದ ಅರ್ಧ ಗಂಟೆಯಲ್ಲಿ ಅಲ್ಲಿನ ಅಷ್ಟೂ ಗುಂಡಿ ಡಬ್ಬಿಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟರು. ಅವು ಗಿರಾಕಿಗಳ ಪ್ರಕಾರ ಇದ್ದವು. ಆ ವಾರ ಗಂಭೀರ ಸ್ವಭಾವದ ವಕೀಲರೊಬ್ಬರ ಕಪ್ಪು ಕೋಟಿಗೆ ಬಾತುಕೋಳಿ ಆಕಾರದ ಹಳದಿ ಗುಂಡಿಗಳು ಬಿದ್ದವು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ.

5. ಕೀಬೋರ್ಡ್. ಕೀಬೋರ್ಡನ್ನು ‘ಚೊಕ್ಕಟವಾಗಿ, ಒಪ್ಪವಾಗಿ’ ಇಡುವಂತೆ ಹಿಂದಿನ ಸುತ್ತೋಲೆ ಹೇಳಿತ್ತು. ತಾಯಿಯವರು ಮನಸ್ಸು ಸರಿಯಿಲ್ಲದಾಗ ಏನನ್ನಾದರೂ ತೊಳೆಯುತ್ತಾರೆ. ಮೇಲ್ ಅಳಿಸಿದ ಸಂಜೆಯೇ ಅವರು ಕೀಬೋರ್ಡಿನ ಕೀಗಳನ್ನೆಲ್ಲ ಚಮಚದಿಂದ ಎಬ್ಬಿಸಿ, ಸೋಪಿನ ನೀರಿನಲ್ಲಿ ತೊಳೆದು, ಟವೆಲ್ ಮೇಲೆ ಒಣಗಿಸಿ, ಮತ್ತೆ ಒಂದೊಂದಾಗಿ ಕೂರಿಸಿದರು. ಎ, ಬಿ, ಸಿ, ಡಿ ಕ್ರಮದಲ್ಲಿ. ಈ ಬಗ್ಗೆ ನಂತರ ವಿಚಾರಿಸಲಾಗಿ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: ‘ಯಾವನೋ ಅವಸರದಲ್ಲಿ ಎಲ್ಲಾ ಅಡ್ಡಾದಿಡ್ಡಿ ಹಾಕ್ಬಿಟ್ಟಿದ್ದ. ಇಷ್ಟು ವರ್ಷ ಒಬ್ರಾದ್ರೂ ನೋಡ್ಬಾರ್ದಾ? ಸರಿ ಮಾಡಿಟ್ಟಿದೀನಿ.’

6. ಪಾಸ್‌ವರ್ಡ್. ಪಾಸ್‌ವರ್ಡ್ ಉದ್ದವಾಗಿರತಕ್ಕದ್ದು, ಯಾರಿಗೂ ಹೇಳತಕ್ಕದ್ದಲ್ಲ, ಗೋಡೆಯ ಮೇಲೆ ಬರೆಯತಕ್ಕದ್ದಲ್ಲ. ಬರೆದಲ್ಲಿ ಅದರ ಮೇಲೆ ‘ಇದು ಪಾಸ್‌ವರ್ಡ್ ಅಲ್ಲ’ ಎಂದು ಬರೆಯತಕ್ಕದ್ದಲ್ಲ. ಅಧೀಕ್ಷಕರು ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಕಣ್ಣಿಟ್ಟು ಹುಡುಕಿ ಒತ್ತುವವರು. ಮಾರನೆಯ ದಿನ ಅವರು ತಮ್ಮ ಪಾಸ್‌ವರ್ಡನ್ನು ಎಂದಿನಂತೆ ನೋಡಿ ನೋಡಿ ಒತ್ತಿದರೂ ಕಂಪ್ಯೂಟರ್ ತೆರೆಯಲಿಲ್ಲ. ಪರದೆಯಲ್ಲಿ ಕಾಣುವುದು ಚುಕ್ಕಿಗಳಾದ್ದರಿಂದ, ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು ಎಂಬುದು ತಿಳಿಯಲಿಲ್ಲ. ಕೀಗಳು ಫಳಫಳ ಹೊಳೆಯುತ್ತಿದ್ದುದನ್ನು ಅವರು ಗಮನಿಸಿ ಸಂತೋಷಪಟ್ಟಿದ್ದರು. ಅಕ್ಷರಗಳು ಬೇಗ ಸಿಗುತ್ತಿರುವುದನ್ನೂ ಗಮನಿಸಿ, ತಮ್ಮ ಕೈ ಪಳಗಿತೆಂದು ತಿಳಿದಿದ್ದರು.

6.1 ಪಾಸ್‌ವರ್ಡನ್ನು ಯಾರೋ ಕದ್ದು ಬದಲಿಸಿದ್ದಾರೆಂದು ನಿರ್ಧರಿಸಿ, ತನಿಖೆಗೆ ಏಕಸದಸ್ಯ ಸಮಿತಿ ರಚಿಸಲಾಯಿತು. ಸದಸ್ಯರು: ಅಧೀಕ್ಷಕರು. ಸಮಿತಿಯು ಮೂರು ಸಲ ಸಭೆ ಸೇರಿ, ಒಮ್ಮೆ ಕೋರಂ ಇಲ್ಲದೆ ಮುಂದೂಡಲ್ಪಟ್ಟಿತು.

6.2 ಹತ್ತನೇ ದಿನ ತಾಯಿಯವರು ಉಲ್ಲೇಖ (ಇ)ರ ಹೇಳಿಕೆ ನೀಡಿದರು: ‘ಅಲ್ಲಾ ಕಣೋ, ಮೋಸಗಾರರಿಗೆ ಗುಂಡಿ ವಿಷ್ಯ ಹೆಂಗೆ ಗೊತ್ತು? ಅದು ನಮ್ಮ ಮನೆ ಜಗಳ.’ ಕಸದ ಬುಟ್ಟಿಗೆ ಹಾಕಿದ ಮೇಲ್ ಮೂವತ್ತು ದಿನಗಳಿಗೆ ತಾನಾಗಿಯೇ ಶಾಶ್ವತವಾಗಿ ಅಳಿದುಹೋಗುತ್ತದೆ ಎಂಬುದು ಅಧೀಕ್ಷಕರಿಗೆ ಆಗ ನೆನಪಾಯಿತು. ಅಂದಿನಿಂದ ತಾಯಿಯವರು ಸಂಜೆಯಾದರೆ ಮುಚ್ಚಿದ ಕಂಪ್ಯೂಟರಿನ ಮುಂದೆ ಕನ್ನಡಕ ಹಾಕಿಕೊಂಡು ಕೂರತೊಡಗಿದರು. ಇದನ್ನು ನೋಡಿ ಈ ಶಾಖೆಯು ಅವರ ಪಕ್ಕದಲ್ಲಿ ತಾನೂ ಒಂದು ಕುರ್ಚಿ ಹಾಕಿಕೊಂಡಿತೆಂದು ಈ ಮೂಲಕ ದಾಖಲಿಸಲಾಗಿದೆ.

7. ಬೀಗ ತೆರೆದ ಬಗೆ. ಇಪ್ಪತ್ತೊಂಬತ್ತನೇ ದಿನ, ಬೇರೆ ದಾರಿ ಕಾಣದೆ, ಕಚೇರಿಯ ಬೆರಳಚ್ಚುಗಾರ್ತಿಯನ್ನು ಮನೆಗೆ ಕರೆಸಿ ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿ ನೀಡಲಾಯಿತು. ಆಕೆ ಕೀಗಳನ್ನು ನೋಡದೆ ಒತ್ತುವವರು; ಇಪ್ಪತ್ತಾರು ವರ್ಷಗಳಿಂದ ಕೀಬೋರ್ಡನ್ನೇ ನೋಡಿದವರಲ್ಲ. ಗೋಡೆಯ ಗಡಿಯಾರ ನೋಡುತ್ತ ಒತ್ತಿದರು, ತೆರೆಯಿತು. ನಂತರ ಕೆಳಗೆ ನೋಡಿದರು. ನಂತರ ಏಳು ನಿಮಿಷ ನಕ್ಕರು. ಈ ಏಳು ನಿಮಿಷವನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲಾಗಿದೆ.

7.1 ಪಾಸ್‌ವರ್ಡನ್ನು ಬೇರೆಯವರಿಗೆ ತಿಳಿಸಿದ ಕಾರಣ ಅಧೀಕ್ಷಕರು ತಮಗೆ ತಾವೇ ಕಾರಣ ಕೇಳಿ ನೋಟಿಸ್ ನೀಡಿಕೊಂಡಿದ್ದಾರೆ. ಬಂದ ಉತ್ತರ ಉದ್ಧಟತನದಿಂದ ಕೂಡಿದ್ದು, ತೃಪ್ತಿಕರವಾಗಿಲ್ಲ.

8. ಮೇಲ್‌ನ ಉಳಿದ ಸಾಲುಗಳು. ಕಸದ ಬುಟ್ಟಿಯಿಂದ ಎತ್ತಿದ ಮೇಲ್‌ ಅನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ: ‘ಅಕ್ಕಾ, ಗುಂಡಿ ಸಿಟ್ಟು ಇಳೀತಾ? ಕಣ್ಣು ಮಂಜಾಗಿದೆ ಕಣೇ, ಸೂಜಿಗೆ ದಾರ ಪೋಣಿಸಕ್ಕಾಗಲ್ಲ. ಅಂಗಡಿ ಮುಚ್ತಾ ಇದೀನಿ. ಮುಂದಿನ ತಿಂಗಳ ಕೊನೇ ದಿನ ಬೀಗದ ಕೈ ಮಾಲೀಕರಿಗೆ ಕೊಡ್ಬೇಕು. ಗುಂಡಿ ಡಬ್ಬಿ ಎಲ್ಲಾ ಕಲಸುಮೇಲೋಗರ ಆಗಿ ಬಿದ್ದಿವೆ. ನೀನು ಬಂದು ಜೋಡಿಸಿಕೊಡ್ತೀಯಾ? ನಿಂಗೆ ಹೆಂಗೆ ಬೇಕೋ ಹಂಗೆ ಜೋಡ್ಸು. ನಾನು ಏನೂ ಅನ್ನಲ್ಲ.’

8.1 ಇದನ್ನು ತಾಯಿಯವರು ಎರಡು ಸಲ ಓದಿದರು. ಮೂರನೇ ಸಲ ಓದುವಾಗ ಕನ್ನಡಕ ಒರೆಸಿಕೊಂಡರು. ಬೆರಳಚ್ಚುಗಾರ್ತಿಯೂ ಒರೆಸಿಕೊಂಡರು, ಅವರಿಗೆ ಕನ್ನಡಕವಿಲ್ಲ.

9. ಉತ್ತರ ಮತ್ತು ದೂರು. ತಾಯಿಯವರು ಹೇಳಿ ಬರೆಸಿದ ಉತ್ತರವನ್ನು ಅಂದೇ ಕಳುಹಿಸಲಾಯಿತು. ಮರುದಿನ ಬೆಳಗ್ಗೆ ಉಲ್ಲೇಖ (ಆ)ರ ದೂರು ಈ ಶಾಖೆಯ ಮೇಜಿಗೆ ಬಂದಿತು. ದೂರುದಾರರು ಆ ತಂಗಿಯೇ. ದೂರಿನ ಸಾರಾಂಶ: ‘ನಿಮ್ಮ ಸುತ್ತೋಲೆ ಈಗ ತಾನೇ ಓದಿದೆ, ಬಹಳ ಉಪಕಾರ ಆಯ್ತು. ನನ್ನಕ್ಕನ ಹೆಸ್ರಲ್ಲಿ ಯಾರೋ ಮೇಲ್ ಕಳ್ಸಿದಾರೆ. ನಾನು ಬರೆದಿದ್ದು ನಿಜ, ಆದ್ರೆ ಒಂದು ತಿಂಗಳು ಉತ್ತರ ಇಲ್ಲ, ಅಂದ್ರೆ ಅವಳಿಗೆ ಬೇಡ ಅಂತ ಅರ್ಥ. ಅದೂ ಅಲ್ದೆ ನನ್ನಕ್ಕ ತಪ್ಪಾಯ್ತು ಅಂತ ಜನ್ಮದಲ್ಲಿ ಹೇಳೋಳಲ್ಲ. ಇದ್ರಲ್ಲಿ ಎರಡು ಸಲ ಹೇಳಿದಾಳೆ. ಖಂಡಿತಾ ಮೋಸ. ಕಠಿಣ ಕ್ರಮ ಕೈಗೊಳ್ಳಿ.’

9.1 ದೂರವಾಣಿ ಕರೆ ಮಾಡಲಾಯಿತು. ಕಂಡಿಕೆ 4ರಂತೆ ಅವರು ಎತ್ತಲಿಲ್ಲ. ಹದಿನಾಲ್ಕು ಸಲ ಎತ್ತಲಿಲ್ಲ. ಈ ಶಾಖೆಯ ಸುತ್ತೋಲೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ನಾಗರಿಕರು ಬೇರೊಬ್ಬರಿಲ್ಲ, ಮತ್ತು ಆ ನಿಷ್ಠೆಯನ್ನು ಕಂಡು ಅಧೀಕ್ಷಕರು ಮೇಜಿಗೆ ಹಣೆ ಚಚ್ಚಿಕೊಂಡರು.

9.2 ನೇರವಾಗಿ ಹೋಗಿಬಿಡುವಂತೆ ತಾಯಿಯವರಿಗೆ ವಿನಂತಿಸಲಾಗಿ, ಅವರು ಹೇಳಿದ್ದು: ‘ನನ್ನ ಮೇಲೇ ದೂರು ಕೊಟ್ಟಿದಾಳೆ, ಯಾವ ಮುಖ ಇಟ್ಕೊಂಡು ಹೋಗ್ಲೋ? ಬಾಗ್ಲು ತೆಗೀದೆ ಇದ್ರೆ ಬೀದೀಲಿ ನಿಂತ್ಕೊಳ್ಲಾ? ಅವಳಿಗೆ ನನ್ನ ಮಾತಲ್ಲಿ ನಂಬಿಕೆ ಇಲ್ಲ, ನಿನ್ನ ಕಾಗದದಲ್ಲಿ ಇದೆ. ಹಾಳು ಮಾಡಿದ್ದು ಅದೇ ಕಾಗದ. ಅದ್ರಲ್ಲೇ ಸರಿಮಾಡಿ ಬರ್ಕೊಡು, ಸೀಲು ಹಾಕಿ.’

10. ಆದ್ದರಿಂದ ಈ ಮೂಲಕ ಆದೇಶಿಸಿರುವುದೇನೆಂದರೆ:

(ಕ) ಕಂಡಿಕೆ 4ನ್ನು ಹಿಂಪಡೆಯಲಾಗಿದೆ. ಹಣ, ಬಹುಮಾನ ಅಥವಾ ಪಾಸ್‌ವರ್ಡ್ ಕೇಳುವ ಮೇಲ್ ವಂಚನೆ. ಗುಂಡಿ ಜೋಡಿಸಿಕೊಡು ಎಂದು ಕೇಳುವ ಮೇಲ್ ವಂಚನೆಯಲ್ಲ. ಅನುಮಾನವಿದ್ದಲ್ಲಿ ಎರಡನೇ ಸಾಲನ್ನೂ ಓದತಕ್ಕದ್ದು.

(ಖ) ತಪ್ಪಾಯಿತು ಎಂದು ಎರಡು ಸಲ ಹೇಳಿದ ಮಾತ್ರಕ್ಕೆ ಅಕ್ಕ ನಕಲಿ ಎಂದು ತೀರ್ಮಾನಿಸುವಂತಿಲ್ಲ. ಮೂರು ಸಲ ಹೇಳಿದಲ್ಲಿ ವೈದ್ಯರನ್ನು ಕಾಣತಕ್ಕದ್ದು.

(ಗ) ಪರದೆಯಲ್ಲಿ ಬರುವ ‘ನಂತರ ನೆನಪಿಸು’ ಎಂಬುದನ್ನು ಒಂದೇ ವಿಷಯಕ್ಕೆ ಹನ್ನೊಂದು ವರ್ಷಕ್ಕಿಂತ ಹೆಚ್ಚು ಕಾಲ ಒತ್ತುವಂತಿಲ್ಲ.

(ಘ) ಕೀಬೋರ್ಡ್ ತೊಳೆಯುವುದನ್ನು ನಿಷೇಧಿಸಲಾಗಿದೆ. ಅಧೀಕ್ಷಕರ ಮನೆಯ ಕೀಬೋರ್ಡ್ ಮಾತ್ರ ಈಗಿರುವ ಕ್ರಮದಲ್ಲೇ ಮುಂದುವರಿಯತಕ್ಕದ್ದು. ಅದನ್ನು ಮೊದಲಿನಂತೆ ಮಾಡಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ.

(ಙ) ವಕೀಲರ ಕೋಟಿನ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಮೇಲಿನ ಆದೇಶ ಕೂಡಲೇ ಜಾರಿಗೆ ಬರುವುದು. ಅಂಗಡಿಯ ಬೀಗದ ಕೈ ಕೊಡಲು ನಾಲ್ಕೇ ದಿನ ಉಳಿದಿದ್ದು, ಡಬ್ಬಿಗಳು ಸುಮಾರು ಇನ್ನೂರು ಇವೆ.

ಸಹಿ/-
ಅಧೀಕ್ಷಕರು
ಮನೆ ಕಂಪ್ಯೂಟರ್ ಮತ್ತು ಋತುಮಾನ ಶಾಖೆ
(ಹಾಗೂ ಮಗ)

ಪ್ರತಿಗಳು:
1. ಎಲ್ಲ ಅಂತರ್ಜಾಲ ಬಳಕೆದಾರರಿಗೆ, ಓದುವುದಿಲ್ಲವೆಂಬ ನಂಬಿಕೆಯೊಂದಿಗೆ.
2. ಬೆರಳಚ್ಚುಗಾರ್ತಿಗೆ, ಇನ್ನು ಸಾಕು ನಗುವುದು ಎಂಬ ಸೂಚನೆಯೊಂದಿಗೆ.
3. ಏಕಸದಸ್ಯ ಸಮಿತಿಗೆ, ವಿಸರ್ಜನೆಗಾಗಿ.
4. ವಕೀಲರಿಗೆ, ಕ್ಷಮಾಪಣೆ ಹಾಗೂ ಆರು ಕಪ್ಪು ಗುಂಡಿಗಳೊಂದಿಗೆ.
5. ಕಚೇರಿ ಪ್ರತಿ, ಸಾಧಾರಣ ಜಾಗದಲ್ಲಿ ಇಡಲು.
6. ಹೊಲಿಗೆ ಅಂಗಡಿಯ ಒಡತಿಗೆ, ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ. ಈ ಪ್ರತಿಯನ್ನು ಖುದ್ದಾಗಿ ತಲುಪಿಸಲು ಅವರ ಅಕ್ಕನನ್ನೇ ನಿಯೋಜಿಸಲಾಗಿದೆ. ಅಗತ್ಯ ಕ್ರಮ: ಚಿಕ್ಕಮ್ಮಾ, ಬಾಗಿಲು ತೆಗೆಯತಕ್ಕದ್ದು.

ಸ್ವೀಕೃತಿ (6ನೇ ಪ್ರತಿಯ ಹಿಂಬದಿಯಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ಹಿಂತಿರುಗಿಸಿದ್ದು):

ಸುತ್ತೋಲೆ ತಲುಪಿದೆ. ತಂದವಳ ಗುರುತಿನ ಚೀಟಿ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದು, ಒಂದು ಡಬ್ಬಿ ಮುಚ್ಚಳ ತೆಗೆದು, ‘ಏನೇ ಇದು, ಎಲ್ಲಾ ಅಡ್ಡಾದಿಡ್ಡಿ!’ ಅಂದ್ಲು. ಅಕ್ಕನೇ. ದೂರು ವಾಪಸ್ ತಗೊಂಡಿದೀನಿ.