ಎರಡು ಎಮ್ಮೆ ಮಾರಿ ತಂದ ಹೆಸರು

ಸಿಂಧನೂರು ತಾಲೂಕಿನಲ್ಲಿ ಕೂದಲಿಗಾಗಿ ನಮ್ಮ ಸೋದರಮಾವನಷ್ಟು ದುಡ್ಡು ಸುರಿದವರು ಇನ್ನೊಬ್ಬರಿಲ್ಲ. ತಮಾಷೆಯೆಂದರೆ ಅವನ ತಲೆ ಪೂರ್ತಿ ಬೋಳು! ಈ ಕತೆ ಹೇಳುವಾಗ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ.

ಎಂಬತ್ತರ ದಶಕದ ಕೊನೆ. ನಾನು ಸಿಂಧನೂರಿನಲ್ಲಿ ಕಾಲೇಜಿಗೆ ಹೋಗುತ್ತ, ಕಿವಿ ಮುಚ್ಚುವ ಹಾಗೆ ಹಿಪ್ಪಿ ಕೂದಲು ಬಿಟ್ಟಿದ್ದೆ. ನಮ್ಮೂರು ತುರ್ವಿಹಾಳದಲ್ಲಿ ಭತ್ತ ಬೆಳೆಯುತ್ತಿದ್ದ ಮಾವನಿಗೆ ಹೈದರಾಬಾದಿನ ಸಲೂನ್ ಕಂಪನಿಯೊಂದು ಹುಚ್ಚು ಹಿಡಿಸಿತು. ಅವರ ಹೆಸರಿನ ಬೋರ್ಡು ಹಾಕಿ ಸಿಂಧನೂರಿನಲ್ಲಿ ಅಂಗಡಿ ತೆರೆಯಬಹುದಂತೆ. ಆದರೆ ಬರೀ ಹೆಸರಿಗೇ ಬೇರೆ ರೊಕ್ಕ! ಮಾವ ಎರಡು ಎಮ್ಮೆ ಮಾರಿದ.

“ಹೆಸರು ಹಿಂಡಿದ್ರ ಹಾಲು ಬರ್ತದೇನ್ರೀ?” ಎಂದು ಅತ್ತೆ ಕೇಳಿದಳು.

“ಸುಮ್ಕಿರು. ಕಂಪನಿ ಹೆಸರದು!”

ಆಮೇಲೆ ಅಂಗಡಿ ಹಿಡಿಯಲು ಮಾಲೀಕನಿಗೆ ಪಗಡಿಯ ರೊಕ್ಕ, ತಿರುಗುವ ಕುರ್ಚಿ, ಪೌಡರಿನ ಡಬ್ಬಿ. ಲಿಂಗಸುಗೂರಿನಲ್ಲಿ ಕೊಂಡ ಆಳೆತ್ತರದ ಕನ್ನಡಿ ಬಸ್ಸಿನ ಮೇಲೆ ಬರುವಾಗ ಮಸ್ಕಿ ಹತ್ತಿರ ನಡುವೆ ಸೀಳಿತು. “ಒಂದರ ರೊಕ್ಕಕ್ಕ ಎರಡು ಬಂದ್ವಲ್ಲೋ ಅಳಿಯಾ!” ಎಂದು ಮಾವ ಎರಡನ್ನೂ ಗೋಡೆಗೆ ಹೊಡೆಸಿದ.

ಕೆಲಸಕ್ಕೆ ನಮ್ಮೂರ ನಿಂಗಪ್ಪ ಬಂದ. ನಮ್ಮ ಮನೆಯ ಗಂಡಸರನ್ನೆಲ್ಲ ಹಿತ್ತಲಲ್ಲಿ ಕೂರಿಸಿ, ತಾನು ಕುಕ್ಕರಗಾಲಲ್ಲಿ ಕೂತು ಕ್ಷೌರ ಮಾಡುತ್ತಲೇ ಮುದುಕನಾದವನು.

ಮಾವ ಮಹಾ ಶಿವಭಕ್ತ. ಒಳ್ಳೆಯ ತಿಂಗಳು ನೋಡಿಯೇ ಅಂಗಡಿ ತೆರೆದ. ಯಾವ ತಿಂಗಳು ಅಂತೀರಿ? ಶ್ರಾವಣ! ನಮ್ಮ ಕಡೆ ವ್ರತ ಹಿಡಿದವರು ಶ್ರಾವಣ ಮುಗಿಯುವವರೆಗೆ ಗಡ್ಡ ತಲೆ ಮುಟ್ಟುವುದಿಲ್ಲ. ಮೂವತ್ತು ವರ್ಷ ತಪ್ಪದೆ ಆ ವ್ರತ ಹಿಡಿದ ಮಾವನಿಗೇ ಇದು ಹೊಳೆಯಲಿಲ್ಲವೆಂದರೆ! ಹದಿನೈದು ದಿನ ಗಡ್ಡದವರು ಬಂದರು, ಕನ್ನಡಿ ನೋಡಿದರು, ಪುಕ್ಕಟೆ ಪೌಡರು ಹಚ್ಚಿಕೊಂಡು ಹೋದರು.

ಅಷ್ಟರಲ್ಲಿ ಕಂಪನಿಯವನು ತಪಾಸಣೆಗೆ ಬರುತ್ತಾನೆಂದು ಕಾಗದ ಬಂತು. ಕುರ್ಚಿ ಖಾಲಿಯಿದ್ದರೆ ಹೆಸರು ವಾಪಸ್ಸು, ಎಮ್ಮೆಯ ರೊಕ್ಕ ಗೋವಿಂದ!

“ಅಳಿಯಾ, ನೀ ಎಲ್ಲಿ ಶ್ರಾವಣ ಹಿಡೀತಿ? ಅವತ್ತೊಂದು ಕಟಿಂಗ್ ಮಾಡಿಸ್ಕೊಳ್ಳೋ.”

ಹೂಂ ಅಂದೆ. ಅಂದವನು ಅವತ್ತು ಎದುರಿನ ಚಹಾದ ಹೋಟೆಲಿನಲ್ಲಿ ಗೆಳೆಯರ ನಡುವೆ ಕೂತುಬಿಟ್ಟೆ. “ಸಾಹುಕಾರ ಕ್ಷೌರದಂಗಡಿ ಇಟ್ಟಾನ ನೋಡ್ರಲೇ!” ಎಂದು ಅವರು ನಗುತ್ತಿದ್ದರು. ಒಬ್ಬ ನನ್ನನ್ನೇ ಕೇಳಿದ: “ಆ ಬೋಳುತಲಿ ನಿಮ್ಮ ಮಾವ ಅಲ್ಲೇನಲೇ?”

“ಅಲ್ಲ. ನಮ್ಮೂರಾಂವ.”

ಅವನು ಸುಮ್ಮನಿರಬೇಕಲ್ಲ! ಕೂತಲ್ಲಿಂದಲೇ ಕೂಗಿದ: “ಸಾಹುಕಾರ್ರ, ಇವ ನಿಮ್ಮ ಅಳಿಯ ಹೌದಲ್ರೀ?”

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಮಾವ ನನ್ನನ್ನು ನೋಡಿದ. “ಅಲ್ಲಪಾ, ನಮ್ಮೂರ ಹುಡುಗ,” ಎಂದವನೇ ಒಳಗೆ ಹೋಗಿ ತಾನೇ ಕುರ್ಚಿ ಏರಿದ. ಕಂಪನಿಯವನು ಬಸ್ಸಿಳಿದು ಬಂದಾಗ ನಿಂಗಪ್ಪ ಆ ಶ್ರಾವಣದ ಗಡ್ಡ ಬೋಳಿಸುತ್ತಿದ್ದ. ಹೆಸರು ಉಳಿಯಿತು, ಮೂವತ್ತು ವರ್ಷದ ವ್ರತ ಹೋಯಿತು.

ನಾನು ರಸ್ತೆ ದಾಟಿದ್ದು ಗೆಳೆಯರೆಲ್ಲ ಹೋದ ಮೇಲೆಯೇ. ಥೂ ನನ್ನ ಜನ್ಮಕ್ಕೆ!

“ನಿಂಗಪ್ಪನ ಮೊಣಕಾಲು ಹೋಗ್ಯಾವಲೇ,” ಎಂದ ಮಾವ, ನುಣ್ಣನೆಯ ಗದ್ದ ಸವರಿಕೊಳ್ಳುತ್ತ. “ನಲವತ್ತು ವರ್ಷ ನಮ್ಮ ಮುಂದ ಕುಕ್ಕರಗಾಲಿಲೆ ಕುಂತಾನ. ಇನ್ನರ ನಿಂತು ಕೆಲಸ ಮಾಡ್ಲಿ ಅಂತ ಇಷ್ಟೆಲ್ಲಾ ಮಾಡಿದ್ನಿ.” ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕುರ್ಚಿಯಲ್ಲಿ ಕೂತೆ. ಎದುರಿಗೆ ಎರಡು ತುಂಡು ಕನ್ನಡಿ, ಎರಡರಲ್ಲೂ ನನ್ನದೇ ಮುಖ. ನೋಡಲಾಗದೆ ತಲೆ ಬಗ್ಗಿಸಿದೆ. ನಿಂಗಪ್ಪ ನಿಂತಲ್ಲಿಂದಲೇ ನನ್ನ ಗದ್ದ ಹಿಡಿದು ಎತ್ತಿದ.

“ತಲಿ ಎತ್ರಿ ಸಣ್ಣ ಧಣೇರ. ಹಿಂಗ ಬಗ್ಗಿದ್ರ ಕಟಿಂಗ್ ಸೊಟ್ಟ ಆಗ್ತದ.”