ಬಿಳಿ ಪಟ್ಟಿಯ ಮೇಲೆ ಖಡಕ್ ರೊಟ್ಟಿ

ನನ್ನೊಳಗೆ ಇಬ್ಬರಿದ್ದಾರೆ, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ನಡೆದು ಹೊರಟಾಗ ಗಾಡಿಯವರಿಗೆ ಕಣ್ಣು ನೆತ್ತಿಗೇರಿದೆ ಎಂದು ಬೈಯುತ್ತೇನೆ. ಸ್ಕೂಟರ್ ಏರಿದೊಡನೆ, ಈ ನಡೆಯುವವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಗೊಣಗುತ್ತೇನೆ. ಇಳಕಲ್ಲಿನಲ್ಲಿ ನನ್ನ ಕಚೇರಿಯ ದಾರಿಯಲ್ಲಿ, ಒಂದು ದವಾಖಾನೆಯ ಎದುರು ಜನ ದಾಟಲೆಂದು ಬಿಳಿ ಪಟ್ಟಿ ಬಳಿದ ಮೇಲಂತೂ ಈ ಇಬ್ಬರ ಜಗಳ ಜೋರಾಯಿತು. ನಡೆಯುವಾಗ ಅದು ನನ್ನ ಹಕ್ಕು, ಗಾಡಿಯ ಮೇಲಿರುವಾಗ ಬರೀ ಸುಣ್ಣ.

ಒಂದು ಸೋಮವಾರ ಆ ಸುಣ್ಣದ ಮೇಲೆ ಮಾಡಬಾರದ್ದನ್ನು ಮಾಡಿದೆ. ಕಚೇರಿಗೆ ತಡವಾಗಿತ್ತು. ಯಾರೋ ಹೆಂಗಸು ದಾಟುತ್ತಿದ್ದಳು. ಸಿಕ್ಕ ಸಂದಿಯಲ್ಲಿ ನುಗ್ಗಿದೆ. ಸ್ಕೂಟರಿನ ಕನ್ನಡಿ ಆಕೆಯ ಬುತ್ತಿಗಂಟಿಗೆ ಬಡಿದು, ಖಡಕ್ ರೊಟ್ಟಿಗಳು ಪಟಪಟನೆ ರಸ್ತೆಗೆ ಬಿದ್ದು ಚೂರಾದವು. ನಾನು ನಿಲ್ಲಲಿಲ್ಲ. ಆಕೆಯ ಮುಖವನ್ನೂ ನೋಡಲಿಲ್ಲ. ಒಂದು ಗೇಣು ಈಚೆಯಾಗಿದ್ದರೆ ಮುರಿಯುತ್ತಿದ್ದುದು ರೊಟ್ಟಿಯಲ್ಲ, ಕೈ ಎಂಬುದು ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೆ ಹೊಳೆಯಿತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ರೊಟ್ಟಿ ಮುರಿದ ಸದ್ದಿಗೇ ಬೆಚ್ಚಿದೆ. "ಏನಾತ್ರಿ?" ಎಂದಳು. ಹೇಳುವ ಧೈರ್ಯ ಬರಲಿಲ್ಲ. ದೂರದಿಂದಲೇ ಕಾಣಲಿ, ಯಾರೂ ನನಗೆ ಗುದ್ದದಿರಲಿ ಎಂದು ಗಿಳಿಹಸಿರು ಹೆಲ್ಮೆಟ್ ಆರಿಸಿ ಕೊಟ್ಟವಳು ಅವಳು.

ಮರುದಿನ ಪಟ್ಟಿಯ ಮುಂದೆ ನಿಂತೇ ನಿಂತೆ. ನಮ್ಮ ಕಡೆ ಗಾಡಿ ನಡುದಾರಿಯಲ್ಲಿ ನಿಂತರೆ ಎರಡೇ ಅರ್ಥ: ಕೆಟ್ಟಿದೆ, ಇಲ್ಲವೇ ಯಾರನ್ನೋ ಹತ್ತಿಸಿಕೊಳ್ಳುತ್ತಿದೆ. ಹಿಂದಿನ ಟಂಟಂ ಆಟೋದವನು, "ಯಾಕ್ರಿ ಸರ, ಪೆಟ್ರೋಲ್ ತೀರೇತೇನ್ರಿ?" ಎಂದು ಮರುಗಿದ. ರಸ್ತೆಯ ಅಂಚಿನಲ್ಲಿ ನನ್ನ ದೊಡ್ಡಕ್ಕನ ವಯಸ್ಸಿನ ಒಬ್ಬಾಕೆ ಗಂಟು ಹಿಡಿದು ನಿಂತಿದ್ದಳು. ದಾಟಿರೆಂದು ಕೈಸನ್ನೆ ಮಾಡಿದೆ. ಆಕೆ ನನ್ನನ್ನು ದಿಟ್ಟಿಸಿ ನೋಡಿ, ನೆಟ್ಟಗೆ ಬಂದು, ನನ್ನ ಭುಜ ಹಿಡಿದು ಹಿಂದಿನ ಸೀಟೇರಿ ಕುಳಿತುಬಿಟ್ಟಳು. ನಾನು ದಂಗಾದೆ.

"ಎಲ್ಲಿಗೆ ಹೋಗ್ಬೇಕ್ರಿ ಅಕ್ಕಾರ?"

"ಇಲ್ಲೇ, ಎದುರಿನ ದವಾಖಾನಿಗಿ. ಮಗಳು ಹಡದಾಳ. ಅಳಿಯಗ ಬುತ್ತಿ ಒಯ್ಯಾಕತ್ತೇನಿ."

ನಡೆದರೆ ಹದಿನೈದು ಹೆಜ್ಜೆ. ಗಾಡಿಗಾದರೆ ನಡುವೆ ಡಿವೈಡರ್. ಮುಂದಿನ ಸರ್ಕಲ್ಲಿಗೆ ಹೋಗಿ ಸುತ್ತಿ ಬರಬೇಕು. "ನೀವು ದಾಟ್ಲಿ ಅಂತನ ನಿಂತೇನ್ರಿ," ಎಂದೆ.

"ಗೊತ್ತೈತಿ ತಮ್ಮಾ. ನಡಿ."

ಗಾಡಿ ಬಿಟ್ಟೆ. ಪಾಪ, ಮೊಣಕಾಲು ನೋವಿರಬೇಕು ಎಂದು ದಾರಿಯುದ್ದಕ್ಕೂ ಮರುಗಿದೆ. ನನ್ನ ಒಳ್ಳೆಯತನಕ್ಕೆ ನನಗೇ ಕಣ್ಣು ತುಂಬಿ ಬಂತು. ದವಾಖಾನೆಯ ಬಾಗಿಲಲ್ಲಿ ಆಕೆ ಚಂಗನೆ ಇಳಿದಾಗ, "ಕಾಲು ಭಾಳ ನೋಯ್ತಾವೇನ್ರಿ?" ಎಂದು ಕೇಳಿದೆ.

"ನನ್ನ ಕಾಲು ಗಟ್ಟಿ ಅದಾವ," ಎಂದು ಆಕೆ ನನ್ನ ತಲೆಯ ಕಡೆ ಬೆರಳು ತೋರಿಸಿದಳು. "ನಿನ್ನಿ ನನ್ನ ರೊಟ್ಟಿ ಕೆಡವಿದ್ದು ಇದ ಹಸರ ಟೊಪಗಿ. ಅಳಿಯ ಬಿಸ್ಕೀಟ್ ತಿಂದು ಕುಂತಾ. ನಿನ್ನ ಮುಂದ ದಾಟೂದಕ್ಕಿಂತ ನಿನ್ನ ಹಿಂದ ಕೂಡೂದ ಪಾಡ ಅನಿಸ್ತು."

ತಪ್ಪಾಯಿತೆಂದು ತೊದಲಿದೆ. "ನಾಳಿ ಇದ ಹೊತ್ತಿಗಿ ಬಾ," ಎಂದು ಒಳಗೆ ಹೋದಳು.

ಬಾಣಂತಿ ಮನೆಗೆ ಹೋಗುವವರೆಗೂ ಆಕೆಯನ್ನು ಹದಿನೈದು ಹೆಜ್ಜೆ ದಾಟಿಸಲು ದಿನಾ ಸರ್ಕಲ್ ಸುತ್ತಿದೆ. ಕೊನೆಗೊಂದು ದಿನ ಹೆಂಡತಿಗೆ, ಹೆಲ್ಮೆಟ್ ಬದಲಿಸೋಣವೇ ಎಂದು ಕೇಳಿದೆ.

"ಯಾಕ್ರಿ, ಮಂದಿಗಿ ಕಾಣವಲ್ದೇನು?"

"ಭಾಳ ಕಾಣಾಕತ್ತೈತಿ," ಎಂದೆ.